ಗುರವ್ವ ಹೇಳಿದ್ದು

ಭರಮಪ್ಪನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕಿತ್ತು. ಮಂಗಳವಾರ, ಗುರುವಾರ, ಶನಿವಾರ. ಎರಡು ವರ್ಷದಿಂದ ಅವನೂ ಹೆಂಡತಿ ಗುರವ್ವನೂ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ವಿಜಯನಗರದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ಬೆಳಿಗ್ಗೆ ಏಳರೊಳಗೆ ಬಸವೇಶ್ವರನಗರದ ಡಯಾಲಿಸಿಸ್ ಕೇಂದ್ರ ಮುಟ್ಟುತ್ತಿದ್ದರು. ನಾಲ್ಕು ಗಂಟೆ ಕಾಲ ಅವನು ಒಳಗೆ ಕುರ್ಚಿಯಲ್ಲಿ ಒರಗಿರುತ್ತಿದ್ದ, ಅವಳು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಇಬ್ಬರೂ ಬಾಗಲಕೋಟೆ ಕಡೆಯವರು. ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟೊಂದರಲ್ಲಿ ಭರಮಪ್ಪ ಗೇಟು ಕಾಯುತ್ತಿದ್ದ, ಗುರವ್ವ ಅದೇ ಕಟ್ಟಡದ ನಾಲ್ಕು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಪಂಪ್ ಮನೆಯ ಹಿಂದಿನ ಒಂದು ಕೋಣೆಯಲ್ಲಿ ಮಗಳು ಶೈಲಾಳ ಜೊತೆ ಅವರ ಸಂಸಾರ.

ಜೂನ್ ತಿಂಗಳಲ್ಲಿ ಶೈಲಾಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಮಂಗಳವಾರ ತಂದೆಯೇ ಬಂದು ಸಹಿ ಹಾಕಬೇಕು ಎಂದು ಕಾಲೇಜಿನವರು ಹೇಳಿದರು. ಒಂದು ದಿನ ತಪ್ಪಿದರೆ ನೀರು ಕಡಿಮೆ ಕುಡಿದು ಗುರುವಾರದವರೆಗೆ ಸುಧಾರಿಸಿಕೊಳ್ಳಬಹುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಗುರವ್ವ ಸೋಮವಾರ ಮಧ್ಯಾಹ್ನ ಕೇಂದ್ರಕ್ಕೆ ಫೋನ್ ಮಾಡಿದಳು. ಮೊದಲೆಲ್ಲ ಆ ಫೋನ್ ಎತ್ತುತ್ತಿದ್ದವರು ಅನಂತಲಕ್ಷ್ಮಿ ಎಂಬ ಹೆಂಗಸು. ಎರಡು ತಿಂಗಳಿಂದ ಯಂತ್ರವೊಂದು ಎತ್ತುತ್ತಿತ್ತು. ಅದೂ ಕನ್ನಡದಲ್ಲೇ, ಮರ್ಯಾದೆಯಿಂದಲೇ ಮಾತಾಡುತ್ತಿತ್ತು.

"ನಾಳಿ ಒಂದಿನ ನಮ್ಮ ಮನಿಯವ್ರಿಗೆ ಬರಾಕ ಆಗಂಗಿಲ್ರಿ," ಎಂದಳು ಗುರವ್ವ. "ಮಗಳ ಕಾಲೇಜಿಗೆ ಹೋಗೂದೈತಿ. ಗುರುವಾರ ಎಂದಿನಂಗ ಬರ್ತೀವ್ರಿ."

"ಸರಿ ಅಮ್ಮ. ಭರಮಪ್ಪ ಅವರ ಸ್ಲಾಟ್ ರದ್ದು ಮಾಡಿದ್ದೇನೆ. ಬೇರೆ ಏನಾದರೂ ಸಹಾಯ ಬೇಕೇ?"

"ಏನಿಲ್ರಿ, ನಿಮಗ ಪುಣ್ಯ ಬರ್ಲಿ," ಎಂದು ಅವಳು ಫೋನ್ ಇಟ್ಟಳು.

ಗುರುವಾರ ಅವರು ಹೋದಾಗ ಭರಮಪ್ಪನ ಕುರ್ಚಿಯಲ್ಲಿ ಬೇರೊಬ್ಬ ಹೆಂಗಸು ಮಲಗಿದ್ದಳು. ಕೌಂಟರಿನಲ್ಲಿ ಇದ್ದವನು ಹತ್ತು ದಿನದ ಹಿಂದೆ ಸೇರಿದವನು. ಪರದೆಯ ಮೇಲೆ ಹೆಸರು ಹುಡುಕಿ, "ನಿಮ್ ಹೆಸರು ಲಿಸ್ಟಲ್ಲಿಲ್ಲ. ಫೋನ್ ಮಾಡಿ ಕೇಳಿ," ಎಂದ. ಅನಂತಲಕ್ಷ್ಮಿಯವರನ್ನು ಮೇಲಿನ ಮಹಡಿಯ ಔಷಧಿ ದಾಸ್ತಾನಿಗೆ ಹಾಕಿದ್ದರು. ಅವರು ಇಲ್ಲೇ ಮೇಲಿದ್ದಾರೆ ಎಂದು ಗುರವ್ವನಿಗೆ ಯಾರೂ ಹೇಳಲಿಲ್ಲ. ಅವಳು ಬೆಂಚಿನ ಮೇಲೆ ಕೂತೇ ಫೋನ್ ಮಾಡಿದಳು. ಭರಮಪ್ಪ ಅವರಿಗೆ ಸದ್ಯ ಸ್ಲಾಟ್ ಇಲ್ಲ, ಹೊಸದಾಗಿ ನೋಂದಾಯಿಸಿದರೆ ಒಂಬತ್ತು ದಿನ ಬಿಟ್ಟು ಜಾಗ ಸಿಗಬಹುದು, ನೋಂದಾಯಿಸಲೇ ಎಂದು ಯಂತ್ರ ಕೇಳಿತು. ಒಂದು ದಿನ ತಪ್ಪಿಸಿದ್ದಕ್ಕೆ ಕೇಂದ್ರದವರು ಹೀಗೆ ಮಾಡಿದ್ದಾರೆ ಎಂದು ತಿಳಿದ ಗುರವ್ವ ಹೂಂ ಎಂದಳು. ಇಬ್ಬರೂ ಬಂದ ದಾರಿಯಲ್ಲೇ ಹಿಂದಿರುಗಿದರು.

ಶನಿವಾರ ಭರಮಪ್ಪನ ಕಾಲುಗಳು ಊದಿಕೊಂಡವು. ಭಾನುವಾರ ಬೆಳಿಗ್ಗೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಒರಗಿ ಕೂತ. ಒಂಬತ್ತು ಗಂಟೆಗೆ ಅಪಾರ್ಟ್‌ಮೆಂಟಿನವರೊಬ್ಬರು ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಹೃದಯದ ಬಡಿತ ಲಯ ತಪ್ಪಿತ್ತು. ಐದು ದಿನ ಐಸಿಯುನಲ್ಲಿ ಇಟ್ಟುಕೊಂಡರು.

ಆ ಯಂತ್ರವನ್ನು ಕೇಂದ್ರಕ್ಕೆ ಮಾಡಿಕೊಟ್ಟದ್ದು ರಾಜಾಜಿನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯ ಮೇಲಿದ್ದ ಒಂಬತ್ತು ಜನರ ಚಿಕ್ಕ ಕಂಪನಿ. ಅದರ ಮಾಲೀಕ ಕಾಂತರಾಜು. ಕವನಾ ಅಲ್ಲಿ ಬರವಣಿಗೆಯ ಕೆಲಸದಲ್ಲಿದ್ದಳು. ಗೋವಿಂದರಾಜನಗರದ ಹುಡುಗಿ, ಕನ್ನಡ ಎಂ.ಎ. ಮಾಡಿದ್ದಳು, ಇಪ್ಪತ್ತೊಂಬತ್ತು ವರ್ಷ. ಯಂತ್ರ ಹೇಗೆ ಮಾತಾಡಬೇಕು, ಯಾರನ್ನು ಅಮ್ಮ ಎನ್ನಬೇಕು, ಯಾರನ್ನು ಸಾರ್ ಎನ್ನಬೇಕು ಎಂಬುದನ್ನೆಲ್ಲ ಅವಳೇ ಬರೆದಿದ್ದಳು. ಅದಕ್ಕೆ ಆರು ವಾರ ಹಿಡಿದಿತ್ತು.

ಭರಮಪ್ಪ ಐಸಿಯುನಲ್ಲಿದ್ದಾಗಲೇ, ಮಂಗಳವಾರ ಕಾಂತರಾಜು ಅವಳನ್ನು ಕರೆದು ತಾವು ಬರೆದ ಒಂದು ಪುಟದ ವರದಿ ಕೊಟ್ಟರು. ಕೇಂದ್ರದ ಡಾಕ್ಟರು ಕಾರಣ ಕೇಳಿದ್ದರು. ವರದಿಯಲ್ಲಿ ಹೀಗಿತ್ತು: ಕರೆ ಮಾಡಿದವರ ಉತ್ತರ ಕರ್ನಾಟಕದ ಆಡುಮಾತನ್ನು ಯಂತ್ರ ತಪ್ಪಾಗಿ ಗ್ರಹಿಸಿದೆ.

"ಭಾಷೆ ಸ್ವಲ್ಪ ನೀಟ್ ಮಾಡ್ಕೊಡಮ್ಮ. ಸಾಯಂಕಾಲದೊಳಗೆ ಕಳಿಸ್ಬೇಕು," ಎಂದರು ಕಾಂತರಾಜು. ಅವರ ಮುಖ ಬಾಡಿತ್ತು.

ಯಾವ ಪದವನ್ನು ಯಂತ್ರ ತಪ್ಪು ತಿಳಿಯಿತು ಎಂದು ಬರೆದರೆ ವರದಿ ಗಟ್ಟಿಯಾಗುತ್ತದೆ ಎಂದುಕೊಂಡು ಕವನಾ ಗುರವ್ವ ಸೋಮವಾರ ಮಾಡಿದ್ದ ಕರೆಯ ಧ್ವನಿಮುದ್ರಣ ಹಾಕಿ ಕೇಳಿದಳು. ಪಕ್ಕದಲ್ಲಿ ಯಂತ್ರ ಬರೆದುಕೊಂಡ ಮಾತುಗಳಿದ್ದವು. ಬರಾಕ ಆಗಂಗಿಲ್ಲ ಎಂಬುದನ್ನು ಅದು 'ಬರಲು ಆಗುವುದಿಲ್ಲ' ಎಂದು ಸರಿಯಾಗಿ ಅರ್ಥ ಮಾಡಿಕೊಂಡಿತ್ತು. ಒಂದೇ ದಿನ ಎಂದೂ, ಗುರುವಾರ ಬರುತ್ತಾರೆ ಎಂದೂ ಬರೆದುಕೊಂಡಿತ್ತು. ಎಲ್ಲಿಯೂ ಒಂದಕ್ಷರ ತಪ್ಪಿರಲಿಲ್ಲ.

ಅವಳು ಮುಂದಿನ ಸಾಲಿಗೆ ಹೋದಳು. ಅಲ್ಲಿ ಯಂತ್ರ ಟೂಲ್ ಆರಿಸಿಕೊಂಡಿತ್ತು.

ಯಂತ್ರ ತಾನಾಗಿ ಯಾವ ಕೆಲಸವನ್ನೂ ಮಾಡಲಾರದು. ಕೇಂದ್ರದ ಕಂಪ್ಯೂಟರಿನಲ್ಲಿ ಅದು ಮಾಡಬಹುದಾದ ಹದಿನಾಲ್ಕು ಕೆಲಸಗಳನ್ನು ಹದಿನಾಲ್ಕು ಟೂಲುಗಳಾಗಿ ಕೊಟ್ಟಿದ್ದರು. ಪ್ರತಿಯೊಂದಕ್ಕೂ ಒಂದು ಹೆಸರು, ಕೆಳಗೆ ಒಂದೆರಡು ಸಾಲಿನ ವಿವರಣೆ. ಟೂಲಿನ ಒಳಗೆ ಏನು ನಡೆಯುತ್ತದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. ವಿವರಣೆ ಓದಿ, ಇದೇ ಸರಿ ಎನಿಸಿದ್ದನ್ನು ಬಳಸುತ್ತದೆ. ಆ ವಿವರಣೆಗಳನ್ನು ಬರೆದವಳೂ ಕವನಾಳೇ. ಆಗ ಮರುದಿನವೇ ಯಂತ್ರವನ್ನು ಕೇಂದ್ರದವರಿಗೆ ತೋರಿಸಬೇಕಿತ್ತು. ಊಟ ಮುಗಿಸಿ ಕೂತು, ಹದಿನಾಲ್ಕು ಹೆಸರುಗಳನ್ನು ನೋಡಿ, ಹೆಸರಿನಿಂದ ತಿಳಿದಷ್ಟನ್ನೇ ಬರೆದು ನಾಲ್ಕು ಗಂಟೆಗೆ ಎದ್ದಿದ್ದಳು. ಇಡೀ ಕೆಲಸದಲ್ಲಿ ಅದೇ ಚಿಕ್ಕದು ಎಂದು ಆಗ ಅನ್ನಿಸಿತ್ತು.

ಒಂದರ ಕೆಳಗೆ 'ರೋಗಿಯ ಸ್ಲಾಟ್ ರದ್ದು ಮಾಡುತ್ತದೆ' ಎಂದಿತ್ತು. ಇನ್ನೊಂದರ ಕೆಳಗೆ 'ಹಾಜರಾತಿಯ ವಿವರ ನವೀಕರಿಸುತ್ತದೆ' ಎಂದಿತ್ತು. ನಾಳೆ ಬರುವುದಿಲ್ಲ ಎಂದವಳಿಗಾಗಿ ಯಂತ್ರ ಮೊದಲನೆಯದನ್ನು ಬಳಸಿತ್ತು. ಆ ಟೂಲು ಭರಮಪ್ಪನ ಹೆಸರನ್ನೇ ಪಟ್ಟಿಯಿಂದ ತೆಗೆದು, ಕಾಯುತ್ತಿದ್ದವರಲ್ಲಿ ಮೊದಲಿನವರಿಗೆ ಕುರ್ಚಿ ಕೊಟ್ಟಿತ್ತು.

ಕವನಾ ವರದಿಯನ್ನು ಮುಟ್ಟದೆ ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಹೋದಳು.

ಅನಂತಲಕ್ಷ್ಮಿ ದಾಸ್ತಾನು ಕೋಣೆಯಲ್ಲಿ ಟ್ಯೂಬಿನ ಪೊಟ್ಟಣಗಳನ್ನು ಎಣಿಸುತ್ತಿದ್ದರು. ಐವತ್ತಾರು ವರ್ಷ, ಬಿಳಿ ಕೂದಲು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಆ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಫೋನು ಎತ್ತಿದವರು.

"ಆಂಟಿ, ಇಲ್ಲಿ ಸ್ಲಾಟ್ ಅಂದ್ರೆ ಏನು?" ಎಂದು ಕವನಾ ಕೇಳಿದಳು.

"ಕುರ್ಚಿ ಕಣಮ್ಮ. ವಾರಕ್ಕೆ ಮೂರು ದಿನ ಕಾಯಂ ಅವರಿಗೇ ಅಂತ ಇರೋ ಕುರ್ಚಿ."

"ಒಂದು ದಿನ ಬರಲ್ಲ ಅಂದ್ರೆ?"

"ಅದು ಗೈರು. ರಿಜಿಸ್ಟರಲ್ಲಿ ಪೆನ್ಸಿಲ್ಲಲ್ಲಿ ಒಂದು ಸೊನ್ನೆ ಹಾಕ್ತಿದ್ದೆ. ಸ್ಲಾಟ್ ತೆಗೀಬೇಕು ಅಂದ್ರೆ ಡಾಕ್ಟ್ರನ್ನ ಕೇಳ್ದೆ ಪೆನ್ನು ಮುಟ್ತಿರಲಿಲ್ಲ." ಅವರು ಪೊಟ್ಟಣ ಕೆಳಗಿಟ್ಟರು. "ಭರಮಪ್ಪಂದು ಕೇಳೋಕ್ಕೆ ಬಂದ್ಯಾ?"

ಕವನಾ ತಲೆಯಾಡಿಸಿದಳು.

"ಎರಡು ಸಲ ತಪ್ಪಿದ್ರೆ ನಾನೇ ಅವರ ಮನೆಗೆ ಫೋನ್ ಮಾಡ್ತಿದ್ದೆ. ಯಾಕೆ ಬರಲಿಲ್ಲ, ಉಸಿರು ಹೇಗಿದೆ ಅಂತ. ಕಂಪ್ಯೂಟರ್ ಹಾಕೋವಾಗ ನೀವು ಯಾರೂ ನನ್ನ ಏನೂ ಕೇಳಲಿಲ್ಲ." ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಅದರಿಂದಲೇ ಕವನಾಳಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು.

ಸಂಜೆ ಆಫೀಸಿಗೆ ಬಂದು ಕಾಂತರಾಜುವಿಗೆ ಎಲ್ಲವನ್ನೂ ಹೇಳಿದಳು. ಅವರು ಧ್ವನಿಮುದ್ರಣವನ್ನು ಎರಡು ಸಲ ಕೇಳಿದರು.

"ನೀನ್ಯಾಕಮ್ಮ ನಿನ್ ತಲೆ ಮೇಲೆ ಎಳ್ಕೊಳ್ತೀಯ," ಎಂದರು ಕೊನೆಗೆ. "ಅವತ್ತು ಅವಸರ ಮಾಡಿದ್ದು ನಾನು. ಯಾರೂ ಬೇಕು ಅಂತ ಮಾಡಿಲ್ಲ. ಭಾಷೆ ಸಮಸ್ಯೆ ಅಂದ್ರೆ ಎಲ್ರೂ ಒಪ್ಕೊಳ್ತಾರೆ."

"ಅದಕ್ಕೇ ಸಾರ್ ಬೇಡ ಅಂತಿರೋದು. ಎಲ್ರೂ ಒಪ್ಕೊಳ್ತಾರೆ. ಫೋನ್ ಮಾಡಿದ ಆಯಮ್ಮನೂ ಒಪ್ಕೊಳ್ತಾರೆ."

ಕಾಂತರಾಜು ವರದಿಯ ಪುಟವನ್ನು ಎತ್ತಿಕೊಂಡರು. ಕೆಳಗಿನ ಅಂಗಡಿಯಲ್ಲಿ ಯಾರೋ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದ ಸದ್ದು ಬರುತ್ತಿತ್ತು. ಆಮೇಲೆ ಅವರು ಆ ಪುಟವನ್ನು ಹರಿದರು. "ಏನು ನಡೀತೋ ಅದನ್ನೇ ಬರಿ. ನನ್ನ ಹೆಸರಲ್ಲಿ ಹೋಗ್ಲಿ," ಎಂದರು.

ಹೊಸ ವರದಿ ಹೋದ ಮೇಲೆ ಕೇಂದ್ರದ ಡಾಕ್ಟರು ಯಂತ್ರದ ಫೋನನ್ನು ನಿಲ್ಲಿಸಿ ಅನಂತಲಕ್ಷ್ಮಿಯವರನ್ನು ಕೌಂಟರಿಗೆ ಕರೆಸಿಕೊಂಡರು. ಆದರೆ ಅದಕ್ಕೂ ಮೊದಲೇ ಕಾಂತರಾಜು ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದ, ಭಾಷೆಯ ತೊಂದರೆಯಿಂದ ಹೀಗಾಯಿತು ಎಂಬ ಮಾತು ಬಾಯಿಂದ ಬಾಯಿಗೆ ಹೋಗಿ ಗುರವ್ವನ ಕಿವಿಗೂ ಬಿದ್ದಿತ್ತು.

ಭರಮಪ್ಪನನ್ನು ಐಸಿಯುನಿಂದ ವಾರ್ಡಿಗೆ ತಂದ ದಿನ ಕವನಾ ಆಸ್ಪತ್ರೆಗೆ ಹೋದಳು. ವಾರ್ಡಿನ ಹೊರಗೆ ಶೈಲಾ ನಿಂತಿದ್ದಳು. ಕವನಾ ತಾನು ಯಾರು ಎಂದು ಹೇಳಿದಳು. ಶೈಲಾಳ ಮುಖ ಬಿಗಿಯಿತು, ಆದರೂ ಹೋಗಿ ಎನ್ನಲಿಲ್ಲ.

"ಅವ್ವ ಮಾತು ಕಡಿಮಿ ಮಾಡ್ಯಾಳ್ರಿ," ಎಂದಳು. "ನರ್ಸ್ ಏನರ ಕೇಳಿದ್ರ ನನ್ನ ಕಡಿ ಕೈ ತೋರಿಸ್ತಾಳ. ನಿನ್ನೆ ಮೆಟ್ಟಿಲ ಮ್ಯಾಲ ಒಬ್ಬಾಕಿನ ಕುಂತು ಏನೋ ಅಂತಿದ್ಲು. ಹತ್ರ ಹೋಗಿ ಕೇಳಿದ್ರ, 'ಬರೋಕಾಗಲ್ಲ, ನಾಳೆ ಬರೋಕಾಗಲ್ಲ' ಅಂತ ಬೆಂಗಳೂರು ಮಾತು ಕಲಿಯಾಕತ್ತಿದ್ಲು."

ಗುರವ್ವ ಮೆಟ್ಟಿಲ ಮೇಲೇ ಇದ್ದಳು. ಕವನಾ ಅವಳ ಪಕ್ಕದಲ್ಲಿ, ಒಂದು ಮೆಟ್ಟಿಲು ಕೆಳಗೆ ಕೂತಳು. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡದ್ದು ಯಾವುದೂ ನೆನಪಾಗಲಿಲ್ಲ.

"ಅಮ್ಮ, ಅವತ್ತು ನೀವು ಫೋನಲ್ಲಿ ಮಾತಾಡಿದ್ದು ನನ್ನ ಹತ್ರ ಇದೆ. ಕೇಳ್ತೀರಾ?"

ಗುರವ್ವ ಗಾಬರಿಯಿಂದ ಮಗಳ ಕಡೆ ನೋಡಿದಳು. ಕವನಾ ಮೊಬೈಲನ್ನು ಇಬ್ಬರ ನಡುವೆ ಹಿಡಿದು ಹಾಕಿದಳು. ತನ್ನ ದನಿ ಕೇಳಿ ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಣ್ಯ ಬರಲಿ ಎಂದ ಮಾತು ಬಂದಾಗ ಕಣ್ಣು ಮುಚ್ಚಿದಳು.

"ನೀವು ಹೇಳಿದ್ದು ಅದಕ್ಕೆ ಪೂರ್ತಿ ಅರ್ಥ ಆಗಿತ್ತಮ್ಮ. ಇಲ್ಲಿ ನೋಡಿ, ಬರ್ಕೊಂಡಿದೆ. ನಾಳೆ ಒಂದು ದಿನ ಬರಲ್ಲ, ಗುರುವಾರ ಬರ್ತಾರೆ. ನಿಮ್ಮ ಮಾತಲ್ಲಿ ಏನೂ ತಪ್ಪಿರಲಿಲ್ಲ."

"ಹಂಗಾರ ತಪ್ಪು ಯಾರದ್ರಿ?"

"ನಂದು."

ಗುರವ್ವನಿಗೆ ತಿಳಿಯಲಿಲ್ಲ. ಕವನಾ ಬಿಡಿಸಿ ಹೇಳಿದಳು. ಆ ಯಂತ್ರದ ಮುಂದೆ ಡಬ್ಬಿಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಯಾವುದರಲ್ಲಿ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ, ಮೇಲೆ ಅಂಟಿಸಿದ ಚೀಟಿ ಓದಿ ತೆಗೆಯುತ್ತದೆ, ಚೀಟಿ ಬರೆದವಳು ನಾನು ಎಂದಳು. ಒಂದು ದಿನ ಬಿಡುವುದಕ್ಕೆ ಬೇರೆ ಡಬ್ಬಿ ಇತ್ತು, ಅದರ ಮೇಲೆ ಯಾರಿಗೂ ಅರ್ಥವಾಗದ ಹಾಗೆ ಬರೆದಿದ್ದೆ ಎಂದಳು.

"ಅದು ತಗೊಂಡ ಡಬ್ಬಿ ಮ್ಯಾಲ ಏನು ಬರದಿದ್ರಿ? ಓದಿ ಹೇಳ್ರಿ."

"ರೋಗಿಯ ಸ್ಲಾಟ್ ರದ್ದು ಮಾಡುತ್ತದೆ."

"ಇಷ್ಟ ಏನ್ರಿ?"

"ಇಷ್ಟೇ."

ಗುರವ್ವ ಆ ಮಾತನ್ನು ತಾನೂ ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. "ಅದರ ಜಾಗದಾಗ ನಾ ಇದ್ರೂ ಅದನ್ನ ತಗೋತಿದ್ನಿ ನೋಡ್ರಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಮಾಡುವ ಇರಾದೆಯೂ ಇರಲಿಲ್ಲ. ಆಮೇಲೆ ಎದ್ದು, ಗಂಡನ ತುಟಿಗೆ ಒದ್ದೆ ಹತ್ತಿ ಹಚ್ಚುವ ಹೊತ್ತಾಯಿತು ಎಂದು ಒಳಗೆ ಹೋದಳು.

ಮರುವಾರದಿಂದ ಕವನಾ ದಿನಾ ಮಧ್ಯಾಹ್ನ ಅನಂತಲಕ್ಷ್ಮಿಯವರ ಕೌಂಟರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಹದಿನಾಲ್ಕು ವಿವರಣೆಗಳಿಗೆ ಹನ್ನೊಂದು ದಿನ ಬೇಕಾಯಿತು. ಅವಳು ಒಂದೊಂದು ಟೂಲಿನ ಹೆಸರು ಓದುವುದು, ಅನಂತಲಕ್ಷ್ಮಿ ತಾವು ಅದೇ ಕೆಲಸವನ್ನು ಹೇಗೆ ಮಾಡುತ್ತಿದ್ದರೆಂದು ಹೇಳುವುದು. ನಡುವೆ ಫೋನು ಬಂದರೆ ಅವರು ಎತ್ತಿ ಮಾತಾಡುತ್ತಿದ್ದರು. ಒಂದೊಂದು ಸಲ ಆ ಫೋನಿನಿಂದಲೇ ಇನ್ನೊಂದು ಸಾಲು ಹುಟ್ಟುತ್ತಿತ್ತು.

"ಇದು ಏನು ಮಾಡುತ್ತೆ ಅಂತ ಬರೆದ್ರೆ ಸಾಲದು," ಎಂದರು ಎರಡನೇ ದಿನ. "ಏನು ಮಾಡಲ್ಲ ಅಂತಾನೂ ಬರಿ. ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಮೊದಲು ಹೇಳ್ತಿದ್ದಿದ್ದು ಅದನ್ನೇ."

ಸ್ಲಾಟಿನ ವಿವರಣೆಗೆ ಒಂದು ಇಡೀ ಮಧ್ಯಾಹ್ನ ಹೋಯಿತು. ಟೂಲಿನ ಹೆಸರನ್ನೇ 'ಕಾಯಂ ಕುರ್ಚಿ ತೆಗೆಯುವುದು' ಎಂದೂ, ಹಾಜರಾತಿಯ ಟೂಲಿನದನ್ನು 'ಗೈರು' ಎಂದೂ ಬದಲಿಸಿದರು. ಕವನಾ ಬರೆದು ಓದಿದಳು: "ರೋಗಿಯ ಕಾಯಂ ಕುರ್ಚಿಯನ್ನು ಪೂರ್ತಿಯಾಗಿ ತೆಗೆದು, ಕಾಯುತ್ತಿರುವವರಲ್ಲಿ ಮೊದಲಿನವರಿಗೆ ಕೊಡುತ್ತದೆ. ಒಮ್ಮೆ ಮಾಡಿದರೆ ಹಿಂದಕ್ಕೆ ಬರುವುದಿಲ್ಲ. ಒಂದು ದಿನ ಅಥವಾ ಒಂದು ವಾರ ಬರಲಾಗದು ಎಂದವರಿಗೆ ಇದನ್ನು ಬಳಸಬಾರದು, ಅದಕ್ಕೆ 'ಗೈರು' ಬಳಸಬೇಕು. ಬಳಸುವ ಮೊದಲು ಕೌಂಟರಿನವರ ಒಪ್ಪಿಗೆ ಪಡೆಯಬೇಕು. ರೋಗಿ ಬೇರೆ ಕೇಂದ್ರಕ್ಕೆ ಹೋದಾಗ, ಕಿಡ್ನಿ ಕಸಿ ಆದಾಗ..." ಅಲ್ಲಿ ನಿಲ್ಲಿಸಿದಳು.

"ತೀರಿಕೊಂಡಾಗ," ಎಂದರು ಅನಂತಲಕ್ಷ್ಮಿ. "ಬರಿ. ಬರೀದೆ ಬಿಟ್ರೆ ಅದಕ್ಕೆ ಹೇಗೆ ಗೊತ್ತಾಗ್ಬೇಕು."

ಕವನಾ ಬರೆದಳು.

ಗೈರಿನ ವಿವರಣೆಯಲ್ಲಿ, ಕುರ್ಚಿ ಹಾಗೇ ಉಳಿಯುತ್ತದೆ ಎಂದು ಫೋನ್ ಮಾಡಿದವರಿಗೆ ಬಾಯಿಬಿಟ್ಟು ಹೇಳಬೇಕು ಎಂದು ಸೇರಿಸಿದರು. ಅನಂತಲಕ್ಷ್ಮಿಯವರ ಮಾತಿನಂತೆ ಹದಿನೈದನೆಯ ಟೂಲೊಂದನ್ನು ಹೊಸದಾಗಿ ಮಾಡಿಸಿದರು. ಯಾರೇ ಎರಡು ಸಲ ತಪ್ಪಿಸಿದರೆ ಅದು ನರ್ಸಿಗೆ ತಿಳಿಸುತ್ತದೆ, ನರ್ಸು ಮನೆಗೆ ಫೋನ್ ಮಾಡಬೇಕು. ಆಮೇಲೆ ಅನಂತಲಕ್ಷ್ಮಿ ಒಂದು ನೂರು ಕರೆಗಳನ್ನು ನೆನಪಿನಿಂದ ಹೇಳಿ ಬರೆಸಿದರು. ಮಗಳ ಮದುವೆ ಎಂದವರು, ಬಸ್ಸು ಸಿಗಲಿಲ್ಲ ಎಂದವರು, ಇನ್ನು ಸಾಕಮ್ಮ ನಾನು ಬರುವುದಿಲ್ಲ ಎಂದು ಅತ್ತವರು. ಆ ನೂರನ್ನೂ ಯಂತ್ರಕ್ಕೆ ಕೊಟ್ಟು ನೋಡಿದಾಗ ಏಳರಲ್ಲಿ ಅದು ತಪ್ಪು ಟೂಲು ಆರಿಸಿತು. ಆ ಟೂಲುಗಳ ವಿವರಣೆಗಳನ್ನು ಮತ್ತೆ ತಿದ್ದಿದರು. ಇನ್ನು ಸಾಕು ಎಂದವರ ಕರೆಯನ್ನು ಯಂತ್ರ ತಾನಾಗಿ ಮುಗಿಸಕೂಡದು, ತಕ್ಷಣ ಮನುಷ್ಯರಿಗೆ ಕೊಡಬೇಕು ಎಂದು ಕವನಾ ಎರಡು ಕಡೆ ಬರೆದಳು. ಆ ವಿಷಯದಲ್ಲಿ ಅನಂತಲಕ್ಷ್ಮಿ ಏನೂ ಹೇಳಿಕೊಡಬೇಕಾಗಲಿಲ್ಲ.

ಆಗಸ್ಟಿನಲ್ಲಿ ಯಂತ್ರ ಮತ್ತೆ ಫೋನ್ ಎತ್ತತೊಡಗಿತು. ಅನಂತಲಕ್ಷ್ಮಿ ಕೌಂಟರಿನಲ್ಲೇ ಉಳಿದರು.

ಭರಮಪ್ಪ ಬದುಕಿದ. ಆದರೆ ಹೃದಯ ಸೋತಿತ್ತು, ಗೇಟಿನಲ್ಲಿ ಹೊತ್ತುಗಟ್ಟಲೆ ನಿಲ್ಲುವುದು ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದರು. ಅಪಾರ್ಟ್‌ಮೆಂಟಿನವರು ಕೋಣೆ ಬಿಡಿಸಲಿಲ್ಲ. ಡಯಾಲಿಸಿಸ್ ಹೊತ್ತು ಬಿಟ್ಟು ಉಳಿದ ಹಗಲು ಗುರವ್ವ ಗೇಟಿನಲ್ಲಿ ಕೂರುವುದೆಂದಾಯಿತು, ರೊಟ್ಟಿಯ ಮನೆಗಳಲ್ಲಿ ಎರಡನ್ನು ಬಿಟ್ಟಳು. ಶೈಲಾ ಕಾಲೇಜಿಗೆ ಹೋಗತೊಡಗಿದಳು. ಭರಮಪ್ಪನಿಗೆ ಕೇಂದ್ರದಲ್ಲಿ ಸೋಮವಾರ, ಬುಧವಾರ, ಶುಕ್ರವಾರದ ಬೇರೊಂದು ಕುರ್ಚಿ ಕೊಟ್ಟರು.

ಸೆಪ್ಟೆಂಬರಿನ ಒಂದು ಶುಕ್ರವಾರ ಕವನಾ ಕೇಂದ್ರಕ್ಕೆ ಹೋಗಿದ್ದಾಗ ಅವನನ್ನು ಮೊದಲ ಸಲ ನೋಡಿದಳು. ಕೆನ್ನೆ ಒಳಸೇರಿತ್ತು. ಕೈಯ ಕೊಳವೆಗಳಲ್ಲಿ ರಕ್ತ ಹೋಗುತ್ತ ಬರುತ್ತ ಇತ್ತು. ಗುರವ್ವ ಹೇಳಿದ್ದ ಗುರುತಿನಿಂದ ಅವನೇ ಮಾತಾಡಿಸಿದ.

"ನೀವೇನ್ರಿ ಆ ಚೀಟಿ ಬರಿಯೂ ಅಕ್ಕಾರು?"

"ಹೌದು."

"ಕುಂದರ್ರಿ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ. ಹೊರಗಡೆ ಬೆಂಚಿನ ಹತ್ತಿರ ಗುರವ್ವ ಊರಿನ ತಂಗಿಯ ಜೊತೆ ಫೋನಿನಲ್ಲಿದ್ದಳು. ಯಾವುದೋ ಹೊಲದ ಬದುವಿನ ವಿಚಾರ ಇರಬೇಕು, ದನಿ ಏರಿತ್ತು. ಯಾಕ ಕೊಡಂಗಿಲ್ಲಂತ, ಅವರ ಅಪ್ಪಂದೈತೇನು, ನಾ ಬಂದು ಕೇಳ್ತೀನಿ ತಡಿ ಎನ್ನುತ್ತಿದ್ದಳು. ಒಳಗಿದ್ದ ಎಂಟು ಕುರ್ಚಿಗೂ ಕೇಳುತ್ತಿತ್ತು. ನರ್ಸು ಎದ್ದು ಬಾಗಿಲ ಕಡೆ ಹೊರಟಳು.

"ಇರ್ಲಿ ಬಿಡ್ರಿ ಸಿಸ್ಟರ್," ಎಂದ ಭರಮಪ್ಪ ಕಣ್ಣು ತೆರೆಯದೆ. "ಮೂರು ತಿಂಗಳ ಮ್ಯಾಲ ಮಾತಾಡಾಕತ್ಯಾಳ."

ನರ್ಸು ಬಾಗಿಲನ್ನು ಹಾಗೇ ಬಿಟ್ಟು, ಪಕ್ಕದ ಕುರ್ಚಿಯವರ ಬಿ.ಪಿ. ನೋಡಲು ಹೋದಳು.